ರ‍್ಯಾಪ್ ಹುಡುಗನಿಗೆ ಹೆಣ್ಣು ಕೇಳಿದ್ದು

ತಮಟೆ, ತಂಬೂರಿ, ರ‍್ಯಾಪ್ ಮೂರನ್ನೂ ಒಂದೇ ಆಟೋದಲ್ಲಿ ತುಂಬಿಕೊಂಡು ಊರೂರು ತಿರುಗುವವರಿಗೆ ನಗುವಿಗೇನೂ ಬರವಿಲ್ಲ. ಹಗಲು ನಾನು ಡ್ರಾಯಿಂಗ್ ಮೇಷ್ಟ್ರು, ಸಂಜೆ ತಮಟೆ. ತಂಬೂರಿ ನಮ್ಮ ಸೋದರಮಾವನದು. ರ‍್ಯಾಪ್ ಹೇಳುವವನು ನಮ್ಮ ಬೀದಿಯದೇ ಹುಡುಗ. ಅವನಿಗೆ ಹೆಮ್ಮರಗಾಲದ ಹುಡುಗಿಯ ಮೇಲೆ ಜೀವ, ಅವಳಿಗೂ ಅಷ್ಟೇ. ಅಡ್ಡ ಇದ್ದದ್ದು ಅವಳ ಅಜ್ಜಿ. ಸೋಬಾನೆ ಹಾಡುವುದರಲ್ಲಿ ಎತ್ತಿದ ಕೈ. "ಬಾಯಿ ಬಡ್ಕೊಳೋದ್ನ ಪದ ಅನ್ನೋನ್ಗೆ ನಮ್ ಮಗೀನ ಕೊಡಾಕಿಲ್ಲ" ಅಂದಿದ್ದರಂತೆ.

೧. ಹೊಳೆದಂಡೆಯಲ್ಲಿ

ನಂಜನಗೂಡಿನಲ್ಲಿ ನಮ್ಮ ಪ್ರಾಕ್ಟೀಸು ಕಪಿಲೆಯ ದಂಡೆಯಲ್ಲಿ. ತಮಟೆಯ ಚರ್ಮ ಬಿಗಿಯಾಗಲು ಒಂದಿಷ್ಟು ಹುಲ್ಲು ಉರಿಸಿ ಕಾಯಿಸುತ್ತೇವೆ. ಅಷ್ಟು ಹೊತ್ತು ಯಾರಿಗೂ ಕೆಲಸವಿಲ್ಲ. ನೀರು ಹೊಂಬಣ್ಣಕ್ಕೆ ತಿರುಗುತ್ತದೆ, ಮಾವ ಸುಮ್ಮನೆ ತಂತಿ ಮೀಟುತ್ತಾರೆ, ಎಲ್ಲಿದ್ದೇನೆಂಬುದೇ ನನಗೆ ಮರೆತುಹೋಗುತ್ತದೆ. ಅಂಥ ಒಂದು ಸಂಜೆ ಹುಡುಗ ಎದ್ದು ನಿಂತು, ನನ್ನ ಕಡೆ ಕೈ ಬೀಸಿ ಬೀಸಿ ರ‍್ಯಾಪ್ ಶುರುಮಾಡಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಓಡಿಬಂದು ನಮ್ಮಿಬ್ಬರ ನಡುವೆ ನಿಂತಳು.

"ಬುಡಪ್ಪ, ಒಟ್ಟೆಗೆ ಆಕ್ಕೋ. ಪಾಪ, ಮೇಷ್ಟ್ರು ಒಂದ್ ಮಾತೂ ಆಡ್ತಿಲ್ಲ!"

"ಇದು ಪದ ಕಣಮ್ಮ" ಅಂದೆ.

ಅವಳು ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು. "ಪದವಾ? ಅಂಗಾದ್ರೆ ಇನ್ನೊಂದ್ಸಲ ಬೈಯಿ, ಕೇಳ್ತೀನಿ."

೨. ಬನ್ನೂರಿನ ಹೂಂ

ತಂಬೂರಿ ಕತೆಗೆ ಹೂಂಗುಟ್ಟುವವರು ಬೇಕು. ಕೂತವರು ಹೂಂ ಅನ್ನದೆ ಮಾವ ಮುಂದಿನ ಸಾಲಿಗೆ ಹೋಗುವವರಲ್ಲ. ಬನ್ನೂರಿನಲ್ಲಿ ಹುಡುಗ ಉಸಿರು ಬಿಡದೆ ಹೇಳುತ್ತಿದ್ದರೆ ಮಾವ ತಂಬೂರಿ ನಿಲ್ಲಿಸಿ ಮೈಕಿನಲ್ಲೇ ಕೇಳಿದರು: "ಲೇ, ಜನ ಹೂಂ ಅನ್ನೋಕೂ ಬುಡ್ದಂಗೆ ಎಲ್ಲಿಗ್ಲಾ ಓಡ್ತೀಯ? ಬಸ್ ತಪ್ಪೋಯ್ತದಾ?"

ಮುಂದಿನ ಸಾಲಿನ ತಾತ ಒಬ್ಬರು ಮಾತ್ರ ರ‍್ಯಾಪಿಗೂ ಹೂಂ, ಹೂಂ ಅನ್ನುತ್ತಲೇ ಇದ್ದರು. ಹುಡುಗನಿಗೆ ಕಣ್ಣು ತುಂಬಿ ಬಂತು. ಹಾಡು ಮುಗಿಸಿ ಕೆಳಗಿಳಿದು ಅವರ ಕಾಲಿಗೆ ಬಿದ್ದ. ತಾತ ಅದಕ್ಕೂ ಹೂಂ ಅಂದರು.

"ಎಬ್ಬುಸ್ಬ್ಯಾಡ ಕಣಪ್ಪ" ಅಂದರು ಪಕ್ಕದವರು, "ಕನಸಲ್ಲಿ ಯಾರ್ಗೋ ಒಪ್ಕೋತಾವ್ರೆ."

೩. ಅಡುಗೆಮನೆಯ ದನಿ

ಕೊನೆಗೊಂದು ದಿನ ಹುಡುಗನ ತಾಯಿಯ ಜೊತೆ ನಾವೇ ಹೆಮ್ಮರಗಾಲಕ್ಕೆ ಹೆಣ್ಣು ಕೇಳಲು ಹೋದೆವು. ಜಗಲಿಯಲ್ಲಿ ಕೂತ ಅಜ್ಜಿ ಮಾತೇ ಆಡದೆ ಬೀಗರ ಪದ ಎತ್ತಿಬಿಟ್ಟರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಆಡಿಕೊಂಡು ಹಾಡುವುದು, ಅವರು ಹಾಡಿನಲ್ಲೇ ಜವಾಬು ಕೊಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅದು ಮದುವೆಯ ದಿನ!

"ಟೊಪ್ಪಿ ಹಿಂದ್ಮುಂದಾಗಿ ಇಟ್ಟವ್ನೆ ಈ ಗಂಡು
ತುಪ್ಪ ಬಡ್ಸಿದ್ರೂ ಬಾಯಿ ಮುಚ್ಚಾಕಿಲ್ಲ – ನಾವಿವನ
ಒಪ್ಪೋದು ಹೆಂಗೆ ಹೇಳವ್ವ"

ಇನ್ನು ಜವಾಬು ನಮ್ಮದು. ಹುಡುಗನ ತಾಯಿಗೆ ಪದ ಬಾರದು. ಮಾವ ತಂತಿ ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸಿದರು. ಊರೆದುರು ಪಟಪಟ ಅನ್ನುವ ಹುಡುಗ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಅವನ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಒಳಗಿನಿಂದ ಒಂದು ದನಿ ತೇಲಿಬಂತು:

"ಅಜ್ಜೀಗೆ ಹಲ್ಲಿಲ್ಲ, ಬಾಯೀಗೆ ಬೀಗಿಲ್ಲ
ಮಜ್ಜಿಗೆ ಕೊಡೋಕೂ ಮನಸಿಲ್ಲ – ಬಂದೋರ್ಗೆ
ಹೆಜ್ಜೆ ಹಾಕ್ತೀನಿ ನಾನವ್ರ ಜೊತೆಯಾಗಿ"

ಹುಡುಗಿಯ ದನಿ! ಜಗಲಿ, ಅಜ್ಜಿ, ಹೆಮ್ಮರಗಾಲ ಎಲ್ಲ ಮರೆತು ನಾನು ಬೆಂಚಿನ ಹಲಗೆ ಬಡಿಯುತ್ತ ಕೂತಿದ್ದೆನಂತೆ.

ಅಜ್ಜಿ ಬಾಗಿಲಲ್ಲಿ ನಿಂತಿದ್ದ ಸೊಸೆಯ, ಹುಡುಗಿಯ ತಾಯಿಯ, ಕಡೆ ತಿರುಗಿದರು. "ಕೇಳಿದ್ಯೇನವ್ವ, ಗಂಡಿನ್ ಕಡೆ ಜವಾಬು ನಮ್ಮನೆ ಒಲೆ ಮುಂದ್ಲಿಂದ ಬತ್ತಾ ಅದೆ! ಅವ್ಳು ಆಗ್ಲೇ ಆ ಕಡೆ ಓಗಾಯ್ತು. ಇನ್ನು ನಾವು ಕೊಡೋದೇನದೆ? ಎಲೆ ಅಡ್ಕೆ ತಕ್ಕೊಂಡ್ ಬಾ."

ಹುಡುಗನಿಗೆ ಆಗ ದನಿ ಬಂತು. "ಅಜ್ಜಿ, ಈ ಖುಸೀಗೆ ನಾನೊಂದು ಪದ..."

ಅಜ್ಜಿ ಕೈ ಅಡ್ಡ ಹಿಡಿದರು. "ಬ್ಯಾಡ ಕಣಪ್ಪ. ನೀನು ಬಾಯಿ ಮುಚ್ಕಂಡಿದ್ದುಕ್ಕೇ ನಾನು ಒಪ್ಕಂಡಿರಾದು."