ಟರ್ಮಗಂಟ್ ಮಹಿಳಾ ಸಂಘ

ಕೆಲವರಿಗೆ ಪಾರಿವಾಳದ ಹುಚ್ಚು, ನನಗೆ ಯಾರೂ ಬಳಸದ ಇಂಗ್ಲಿಷ್ ಪದಗಳ ಹುಚ್ಚು. ಮದ್ದೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡು ಇಂಥದ್ದನ್ನು ಹಚ್ಚಿಕೊಂಡವನಿಗೆ ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಟೀ ಅಂಗಡಿಯ ವಿಚಾರಣೆ

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆಗೆ ಬರುವ ಮೊದಲು ಆ ಬೀದಿಯ ಟೀ ಅಂಗಡಿಗೆ ಬರುತ್ತಾರೆ. ನಿಡಘಟ್ಟದ ಹುಡುಗಿಯ ಸೋದರಮಾವ ಹಾಗೇ ಬಂದು ನನ್ನ ವಿಷಯ ಕೇಳಿದರಂತೆ.

"ಉಡ್ಗ ಚಿನ್ನ ಕಣಣ್ಣ," ಅಂದಿದ್ದಾನೆ ಅಂಗಡಿಯವನು. "ಆದ್ರೆ ಬೆಳಿಗ್ಗೆ ಎದ್ದು ತಾರಸಿ ಮೇಲೆ ಒಬ್ನೇ ಏನೇನೋ ಕೂಗ್ತಾನೆ."

"ಇಂಗ್ಲಿಷಾ?"

"ಅಂಗೇ ಕೇಳುಸ್ತದೆ. ಇಂಗ್ಲಿಷ್ ಬಂದೋರ್ಗೂ ತಿಳಿಯಾಕಿಲ್ಲ."

ಆ ವಾರ ನಾನು 'ಡಿಸ್ಕಾಂಬಾಬ್ಯುಲೇಟ್', ಅಂದರೆ ಗಲಿಬಿಲಿಗೊಳಿಸು, ಎಂಬ ಪದವನ್ನು ನಾಲಿಗೆಗೆ ಪಳಗಿಸುತ್ತಿದ್ದೆ. ಮಾವ ಅರ್ಧ ಟೀ ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಮಾರನೇ ದಿನ ಫೋನು ಬಂತು: "ಮದ್ವೆ ಆಮೇಲಾಯ್ತದೆ. ಮೊದ್ಲು ಉಡುಗನ್ಗೆ ಒಂದು ತಾಯ್ತ ಕಟ್ಸಿ."

ಬಸರಾಳಿನ ಅಜ್ಜಿ

ನಮ್ಮವ್ವ ತಾರಸಿಗೆ ಬೀಗ ಜಡಿದಳು. ಇನ್ನೊಂದು ಸಂಬಂಧ ತಪ್ಪಿದರೆ ಡಿಕ್ಷನರಿ ಒಲೆಗೆ ಎಂದೂ ಸಾರಿದಳು.

ಬಸರಾಳಿನ ಹುಡುಗಿ ನನಗೆ ತುಂಬಾ ಹಿಡಿಸಿದ್ದಳು. ಆದರೆ ಟೀ ಅಂಗಡಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅವಳ ಅಜ್ಜಿ ಎಲ್ಲರೆದುರು, "ಅದೇನೋ ಕೂಗ್ತೀಯಂತಲ್ಲ, ಕೂಗಪ್ಪ ನೋಡಾನ," ಅಂದಿತು. ಬೆವರುತ್ತಾ ಕೂಗಿದೆ.

ಅಜ್ಜಿ ಎಲೆಅಡಿಕೆ ಅಗಿಯುತ್ತಾ ಯೋಚಿಸಿತು. "ಇವ್ನಿಗೇ ಕೊಡ್ರಲಾ. ನಮ್ ಉಡ್ಗಿ ಬಾಯಿ ಗೊತ್ತಲ್ಲ. ಜಗಳದಲ್ಲಿ ಇವ್ನೇನಂದ್ರೂ ಅವ್ಳಿಗೆ ತಿಳಿಯಾಕಿಲ್ಲ. ಸಂಸಾರ ಸುಸೂತ್ರ!"

ಗುಣವಂತೆಯರು

ಮದುವೆಯಾದ ಮೇಲೆ ಅಜ್ಜಿಯ ಲೆಕ್ಕ ಒಂದು ವರ್ಷ ಸರಿಯಾಗಿಯೇ ನಡೆಯಿತು. ಒಂದು ದಿನ ಉಪ್ಸಾರಿನ ಖಾರದ ಬಗ್ಗೆ ಜಗಳ ಬಿದ್ದು ಹೆಂಡತಿಯನ್ನು "ಟರ್ಮಗಂಟ್!" ಅಂದುಬಿಟ್ಟೆ. ಬಾಯಿಬಡುಕಿ, ಜಗಳಗಂಟಿ ಅಂತ ಅರ್ಥ.

"ಅಂಗಂದ್ರೇನು? ಅರ್ಥ ಏಳಿ, ಆಮೇಲೆ ಮುದ್ದೆ ಇಕ್ತೀನಿ."

ಹೊಟ್ಟೆ ಚುರುಗುಟ್ಟುತ್ತಿತ್ತು. "ಗುಣವಂತೆ ಅಂತ," ಅಂದೆ.

ಅವತ್ತು ತಟ್ಟೆಗೆ ಎರಡು ಮುದ್ದೆ ಬಿದ್ದವು. ಮಾರನೇ ದಿನ ಅವಳು ನಮ್ಮವ್ವನಿಗೆ, "ಅತ್ತೆ, ನೀವು ನನಗಿಂತ್ಲೂ ದೊಡ್ಡ ಟರ್ಮಗಂಟ್," ಅಂದಳು. ಅವ್ವ ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಬೀದಿಯ ಹೆಂಗಸರು ಸಂಘ ಕಟ್ಟಿ ಅದೇ ಹೆಸರಿಟ್ಟು ಬೋರ್ಡೂ ಬರೆಸಿದರು. ಉದ್ಘಾಟನೆಗೆ ನಾನೇ ಬರಬೇಕಂತೆ.

ಅಧ್ಯಕ್ಷೆಯಾದ ಅವ್ವ ಮೈಕು ಕೈಗಿಟ್ಟು, "ಎಸ್ರಿನ ಅರ್ಥ ಬುಡ್ಸಿ ಏಳ್ಲಾ," ಅಂದಳು. ಎದುರಿಗೆ ಇಡೀ ಬೀದಿಯ ಹೆಂಗಸರು.

ಹೆಂಡತಿ ನಗುನಗುತ್ತಾ ಹಾರ ಹಾಕಲು ಬಂದು ಕಿವಿಯಲ್ಲಿ ಹೇಳಿದಳು: "ಮೊಬೈಲ್ನಾಗೆ ನೋಡ್ಕಂಡಿವ್ನಿ. ಇವ್ರಿಗೆ ಗುಣವಂತೆ ಅಂತ್ಲೇ ಏಳಿ. ಮನೆಗ್ ಬನ್ನಿ, ಅಸ್ಲಿ ಅರ್ಥ ನಾನ್ ತೋರುಸ್ತೀನಿ."