ಕೆಂಪು ಬಾಳೆಹಣ್ಣಿನ ವಿಚಾರಣೆ

ಧೈರ್ಯವಂತರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಂಜುಬುರುಕರ ಬಗ್ಗೆ ಬರೆಯಬೇಕಾದವರು ಅಂಜುಬುರುಕರೇ. ಆದರೆ ಅವರಿಗೆ ಓದಿದವರು ಏನು ಅಂದುಕೊಂಡಾರೋ ಎಂಬ ಅಂಜಿಕೆ. ನಾನು ಆ ಪಂಗಡದವನು. ಸಾಹೇಬರ ಫೋನ್ ಬಂದರೆ ಎದ್ದು ನಿಂತು ಮಾತಾಡುವವನು. ಊಟಕ್ಕೆ ಕೂತಾಗ ಬಂದರೂ ಎಂಜಲುಗೈಯಲ್ಲೇ ಎದ್ದು ನಿಲ್ಲುತ್ತೇನೆ. "ಸಾಹೇಬ್ರಿಗೆ ನೀವು ಕಾಣಸಂಗಿಲ್ಲರೀ, ಕೂಡ್ರಿ, ಸಾರು ಆರಲಿಕ್ಕತ್ತದ" ಎನ್ನುತ್ತಾಳೆ ನನ್ನ ಹೆಂಡತಿ ವಿಮಲಾ. ಕಾಣಿಸುವುದಿಲ್ಲ, ನಿಜ. ಆದರೆ ಕೂತು ಮಾತಾಡಿದ್ದು ದನಿಯಲ್ಲಿ ಗೊತ್ತಾಗಿಬಿಟ್ಟರೆ? ಈಶ್ವರನ ಗುಡಿಗೆ ಹೋದಾಗಲೂ ನಾನು ನೇರವಾಗಿ ದೇವರನ್ನು ಏನೂ ಕೇಳುವುದಿಲ್ಲ. ಹೊರಗಿನ ಬಸವಣ್ಣನ ಕಿವಿಯಲ್ಲಿ ಹೇಳುತ್ತೇನೆ. ಅವನು ಸೂಕ್ತವೆಂದು ಕಂಡರೆ ಒಳಗೆ ಕಳಿಸಲಿ. ಇಲಾಖೆಯಲ್ಲಿ ಕೆಲಸ ಮಾಡಿ ಮಾಡಿ ಬಂದ ಅಭ್ಯಾಸ ಇದು.

ಇಲಾಖೆ ಎಂದರೆ ರೈಲ್ವೆ. ಹಳಿಗಳ ದುರಸ್ತಿ ನೋಡಿಕೊಳ್ಳುವ ಕಲಬುರಗಿಯ ಒಂದು ಕಚೇರಿಯಲ್ಲಿ ನಾನು ಅಧೀಕ್ಷಕ. ಹೆಸರು ದೊಡ್ಡದು, ಕೆಲಸ ಫೈಲು ಹೊಲಿಯುವುದು. ಹೀಗಿರುವ ನನ್ನನ್ನು ನಮ್ಮ ಸಾಹೇಬರು ಒಂದು ದಿನ ಕರೆದು, "ಕುಲಕರ್ಣಿಯವರ, ನಿಮ್ಮನ್ನ ವಿಚಾರಣಾಧಿಕಾರಿ ಮಾಡೇನಿ" ಅಂದರು. ಮೊದಲು ನನ್ನ ಮೇಲೆಯೇ ವಿಚಾರಣೆ ಇಟ್ಟಿದ್ದಾರೆಂದು ತಿಳಿದು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅಲ್ಲ, ಬೇರೊಬ್ಬರ ಮೇಲಿನ ವಿಚಾರಣೆಯನ್ನು ನಾನು ನಡೆಸಬೇಕಿತ್ತು. ಇದು ಅದಕ್ಕಿಂತ ಭಯಂಕರವಾಗಿತ್ತು.

ಕಮಲಾಪುರದ ಕಡೆ ಹಳಿ ಕೆಲಸ ಮಾಡುವ ಗ್ಯಾಂಗಿನ ರೇಣುಕಾ ಎಂಬ ಹೆಣ್ಣುಮಗಳು ಮೇಲಧಿಕಾರಿಯ ಆಜ್ಞೆ ಮೀರಿ, ಎದುರುತ್ತರ ಕೊಟ್ಟಿದ್ದಳಂತೆ. ಆರೋಪ ಸಾಬೀತಾದರೆ ಅವಳ ನೌಕರಿಯೇ ಹೋಗುತ್ತದೆ. ಯಾವ ಆಜ್ಞೆ ಎಂಬುದನ್ನು ಮಾತ್ರ ಆರೋಪಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯುವ ಹಾಗೂ ಇರಲಿಲ್ಲ. ಅದು ಏನೆಂದು ಕಚೇರಿಯಲ್ಲಿ ಚಹಾ ಕೊಡುವವನಿಗೂ ಗೊತ್ತಿತ್ತು. ಸಾಹೇಬರು ಹಳಿ ತಪಾಸಣೆಗೆ ಹೋದಾಗ ಅವಳಿಗೆ, ಊರೊಳಗೆ ಹೋಗಿ ಕೆಂಪು ಬಾಳೆಹಣ್ಣು ತಂದುಕೊಡು ಅಂದಿದ್ದರು. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಬೇರೆ ಬಾಳೆಹಣ್ಣು ರುಚಿಸುವುದಿಲ್ಲ. ನಮ್ಮ ಸಾಹೇಬರ ಮೇಲಿನ ಸಾಹೇಬರ ಮನೆಯವರು ಅದನ್ನು ಒಮ್ಮೆ ತಿಂದುಬಿಟ್ಟಿದ್ದರು. ಅಲ್ಲಿಂದ ಶುರುವಾದ ಹೆದರಿಕೆ ಮೆಟ್ಟಿಲು ಮೆಟ್ಟಿಲು ಇಳಿಯುತ್ತ ರೇಣುಕಾಳ ಹತ್ತಿರ ಬಂದು ನಿಂತಿತ್ತು; ಅವಳು ಅದನ್ನು ಇಸಿದುಕೊಳ್ಳಲಿಲ್ಲ.

"ನೀವು ಸಮಾಧಾನದ ಮನುಷ್ಯಾರು. ಜಾಸ್ತಿ ಕೆದಕೋದು ಬ್ಯಾಡ, ಸುಮ್ಮ ಮುಗಿಸಿಬಿಡ್ರಿ" ಅಂದರು ಸಾಹೇಬರು. ಅಂದರೆ ಅವಳು ಆಜ್ಞೆ ಮೀರಿದ್ದು ಹೌದೆಂದು ಬರೆಯಬೇಕು, ಯಾವ ಆಜ್ಞೆ ಎಂದು ಕೇಳಬಾರದು. ಇನ್ನೊಂದು ಕಡೆ ನಿಯಮದ ಪುಸ್ತಕ. ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳದೆ ಬಿಟ್ಟರೆ ಫೈಲು ಮೇಲಿನಿಂದ ವಾಪಸ್ ಬರುತ್ತದೆ, ಜೊತೆಗೆ ವಿಚಾರಣಾಧಿಕಾರಿಗೇ ಒಂದು ಮೆಮೊ ಬರುತ್ತದೆ. ಕೇಳಿದರೆ ಈ ಸಾಹೇಬರು, ಬಿಟ್ಟರೆ ಆ ಸಾಹೇಬರು. ಮನೆಗೆ ಬಂದೆ, ಊಟ ಸೇರಲಿಲ್ಲ. "ಆ ಹುಡುಗೀ ನೌಕರಿ ಹೋಗ್ತದಂತ ಚಿಂತಿ ಮಾಡ್ಲಿಕ್ಕತ್ತೀರೇನು?" ಎಂದು ವಿಮಲಾ ಕೇಳಿದಳು. ನಾಚಿಕೆಯಾಯಿತು. ಅಲ್ಲಿಯತನಕ ಅವಳ ನೌಕರಿಯ ವಿಚಾರ ನನ್ನ ತಲೆಗೇ ಬಂದಿರಲಿಲ್ಲ. ಅದೂ ಸೇರಿಕೊಂಡು ಹೆದರಿಕೆ ಇಮ್ಮಡಿಯಾಯಿತು.

ವಿಚಾರಣೆ ಕಮಲಾಪುರದಲ್ಲೇ ನಡೆಯಬೇಕೆಂದಾಯಿತು. ಹೊರಡುವ ದಿನ ಬೆಳಿಗ್ಗೆ ಸಾಹೇಬರ ಫೋನ್. ಎದ್ದು ನಿಂತೆ. "ಕುಲಕರ್ಣಿಯವರ, ಹೆಂಗೂ ಹೊಂಟೀರಿ. ಮೇಲಿನ ಸಾಹೇಬ್ರು ಬರಾಕತ್ತಾರ. ಬರೋವಾಗ ಒಂದಿಷ್ಟು ಬಾಳೆಹಣ್ಣು ತಗೊಂಡು ಬರ್ರಿ, ಆ ಕೆಂಪವು."

ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ರೈಲು ಇಳಿದವನೇ ಮೊದಲು ಬಾಳೆಹಣ್ಣು ಕೊಂಡೆ. ವಿಚಾರಣೆ ತಡವಾಗಿ ಅಂಗಡಿಯಲ್ಲಿ ಒಳ್ಳೆಯ ಹಣ್ಣು ತೀರಿಹೋದರೆ ಗತಿ ಏನು? ದಪ್ಪನೆಯ ಒಂದು ಚಿಪ್ಪು ಚೀಲದಲ್ಲಿಟ್ಟುಕೊಂಡು, ಸ್ಟೇಷನ್ನಿನ ಪಕ್ಕದ ಕೋಣೆಯಲ್ಲಿ ಮೇಜಿನ ಕೆಳಗೆ, ನನ್ನ ಎರಡು ಕಾಲುಗಳ ನಡುವೆ ಅದನ್ನು ಮುಚ್ಚಿಟ್ಟು ನ್ಯಾಯ ಕೊಡಲು ಕೂತೆ. ಆ ಹಣ್ಣಿನ ವಾಸನೆ ಮುಚ್ಚಿಡುವಂಥದ್ದಲ್ಲ. ಕೋಣೆಯ ತುಂಬ ಘಮಘಮ ಹರಡಿತು. ಬಂದವರೆಲ್ಲ ಏನೂ ವಾಸನೆ ಬಾರದವರ ಹಾಗೆ ಛಾವಣಿ ನೋಡುತ್ತಿದ್ದರು. ನಾನು ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದೆ.

ಮೊದಲ ಸಾಕ್ಷಿ ಗ್ಯಾಂಗಿನ ಮುಖ್ಯಸ್ಥ ಖಾಜಾ ಮಿಯಾ. ನಿವೃತ್ತಿ ಹತ್ತಿರ ಬಂದಿದ್ದ ಮನುಷ್ಯ, ಹೆದರಿಕೆಯಲ್ಲಿ ನನ್ನ ಸ್ವಂತ ಅಣ್ಣನ ಹಾಗಿದ್ದ. ರೇಣುಕಾ ಆಜ್ಞೆ ಮೀರಿದಳೇ ಎಂದು ಕೇಳಿದೆ. "ಹೌದ್ರಿ ಸಾಬ್." ಆಜ್ಞೆ ಕೊಟ್ಟದ್ದನ್ನು ಕೇಳಿದಿರಾ? "ಕೇಳೇನ್ರಿ." ಇನ್ನೇನು, ಮುಂದಿನ ಪ್ರಶ್ನೆ ಬಾಯಿಗೆ ಬಂದಿತ್ತು, ನುಂಗಿದೆ. ಖಾಜಾ ಮಿಯಾ ನಾನು ಕೇಳದೇ ಇದ್ದದ್ದಕ್ಕೂ ಉತ್ತರ ಕೊಟ್ಟ: "ಏನ್ ಆಜ್ಞೆ ಅಂತ ಯಾದ್ ಇಲ್ರಿ ಸಾಬ್. ಬಿಲ್ಕುಲ್ ಯಾದ್ ಇಲ್ಲ." ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಆಮೇಲೆ ರೇಣುಕಾ ಬಂದಳು. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡೇ ಬಂದು ನೆಟ್ಟಗೆ ಕೂತಳು. ಪರವಾಗಿ ಮಾತಾಡಲು ಯಾರನ್ನಾದರೂ ಕರೆದುಕೊಳ್ಳಬಹುದು ಎಂದು ನಿಯಮದಂತೆ ಹೇಳಿದೆ. "ಬ್ಯಾಡ್ರಿ ಸರ. ಆಗಿದ್ದು ನಾನ ಹೇಳ್ತೀನಿ." ಒಂದೊಂದೇ ಪ್ರಶ್ನೆ ಕೇಳುತ್ತ, ಉತ್ತರ ಬರೆದುಕೊಳ್ಳುತ್ತ ಹೋದೆ. ಕೈ ನಡುಗಿ ನನ್ನ ಅಕ್ಷರ ನನಗೇ ಗುರುತು ಸಿಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ಆ ಒಂದು ಪ್ರಶ್ನೆ. ಬಿಡೋಣವೆಂದುಕೊಂಡೆ. ಆದರೆ ಬಿಟ್ಟ ಕೂಡಲೇ ಬರುವ ಮೆಮೊ ಕಣ್ಣೆದುರು ನಿಂತಿತು. ಯಾರೋ ನನ್ನ ಬಾಯಿಂದ ಕೇಳಿಸಿದ ಹಾಗೆ ಕೇಳಿಯೇಬಿಟ್ಟೆ: ನಿನಗೆ ಕೊಟ್ಟ ಆಜ್ಞೆ ಏನು?

ರೇಣುಕಾ ಮೇಜಿನ ಕೆಳಗೆ ನೋಡಿದಳು. "ನಿಮಗೇನ ತರಾಕ ಹೇಳ್ಯಾರೋ, ನನಗೂ ಅದನ್ನ ತರಾಕ ಹೇಳಿದ್ರು ರೀ. ನೀವು ತಂದೀರಿ, ನಾ ತರಲಿಲ್ಲ. ನಾ ಕೆಂಪು ಬಾವುಟ ಹಿಡದು ನಿಂತಿದ್ದೆ. ಮುಂದ ನಮ್ಮವರು ಹಳಿ ಬಿಚ್ಚಿದ್ರು. ನಾ ಬಾವುಟ ಬಿಟ್ಟು ಹ್ವಾದ್ರ ಗಾಡಿ ಯಾರು ನಿಂದರಸ್ತಾರ್ರೀ? ಬಾಳೆಹಣ್ಣು ಬೇಕಂದ್ರ ನೀವ ಹೋಗಿ ತರ್ರಿ, ನಾ ಇಲ್ಲಿಂದ ಕದಲಂಗಿಲ್ಲ ಅಂದೆ. ಅಂದಿದ್ದು ಖರೇನ."

ಇಲ್ಲಿ ನನ್ನಿಂದ ಒಂದು ಪ್ರಮಾದವಾಯಿತು. ವಿಚಾರಣೆಯಲ್ಲಿ ಯಾವುದಾದರೂ ವಸ್ತುವನ್ನು ತೋರಿಸಿ ಹೇಳಿಕೆ ಕೊಟ್ಟರೆ, ಆ ವಸ್ತುವಿಗೆ ಚೀಟಿ ಕಟ್ಟಿ, ಎಲ್ಲರ ಸಹಿ ತೆಗೆದುಕೊಂಡು ಫೈಲಿನ ಜೊತೆ ಕಳಿಸಬೇಕು. ಇದು ನನಗೆ ಉಸಿರಾಟದಷ್ಟು ರೂಢಿ. ಚೀಲದಿಂದ ಚಿಪ್ಪು ತೆಗೆದೆ, ದಾರ ಸುತ್ತಿದೆ, ಚೀಟಿ ಕಟ್ಟಿದೆ, ಸಹಿ ಹಾಕಿದೆ, ಹಾಕಿಸಿದೆ. ಎಲ್ಲ ಮುಗಿದ ಮೇಲೆ ನೋಡುತ್ತೇನೆ, ಸಾಹೇಬರ ಬಾಳೆಹಣ್ಣು ಸಾಕ್ಷ್ಯವಸ್ತುವಾಗಿ ಮೇಜಿನ ಮೇಲೆ ಕೂತಿದೆ! ಸಹಿ ಹಾಕಲು ಬಂದಿದ್ದ ಖಾಜಾ ಮಿಯಾ, "ಯಾ ಅಲ್ಲಾ" ಎಂದು ಗೋಡೆಯ ಕಡೆ ತಿರುಗಿದ.

ವಾಪಸ್ ಬರುವಾಗ ರೈಲಿನಲ್ಲಿ ಎದುರು ಕೂತ ಮುದುಕಿ, "ಯಪ್ಪಾ, ಕೂಸು ಅಳಾಕತ್ತದ, ಒಂದ ಹಣ್ಣು ಕೊಡು" ಅಂದಳು. "ಕೊಡಾಕ ಬರಂಗಿಲ್ಲವ್ವಾ, ಇವು ಸಾಕ್ಷಿ ಅದಾವ" ಅಂದೆ. ಅವಳು ಕೂಸನ್ನು ಎತ್ತಿಕೊಂಡು ನನ್ನಿಂದ ದೂರ ಹೋಗಿ ಕೂತಳು. ಅವಳ ತಪ್ಪಿಲ್ಲ.

ವರದಿ ಬರೆಯುವಾಗಲೂ ನಾನು ನ್ಯಾಯದ ಪಕ್ಷ ವಹಿಸಿದೆನೆಂದು ತಿಳಿಯಬೇಡಿ. ಆ ಹೇಳಿಕೆ ದಾಖಲಾದ ಮೇಲೆ ಬೇರೆ ಏನು ಬರೆದರೂ ಫೈಲು ವಾಪಸ್ ಬರುವುದು ಖಂಡಿತ. ಅದಕ್ಕೆ, ಬಾವುಟ ಬಿಟ್ಟು ಬಾಳೆಹಣ್ಣು ತರುವುದು ಕರ್ತವ್ಯದ ಆಜ್ಞೆಯಲ್ಲ, ಆರೋಪ ಸಾಬೀತಾಗಿಲ್ಲ ಎಂದು ಬರೆದೆ. ಬರೆಯುವಾಗ ನನ್ನ ಪಿಂಚಣಿ, ಮಗಳ ಮದುವೆ, ಎಲ್ಲ ಕಣ್ಣ ಮುಂದೆ ಹಾದುಹೋದವು.

ಫೈಲು, ಹಣ್ಣು ಎರಡನ್ನೂ ಸಾಹೇಬರ ಮೇಜಿನ ಮೇಲಿಟ್ಟೆ. ಹಣ್ಣು ನೋಡಿ ನಕ್ಕು, ಒಂದನ್ನು ಮುರಿಯಲು ಕೈ ಹಾಕಿದರು. ಚೀಟಿ ಕಂಡಿತು. ಓದಿದರು. ಆಮೇಲೆ ವರದಿ ಓದಿದರು.

"ಇವನ್ನ ತಿನ್ನಾಕ ಬರ್ತದೋ ಇಲ್ಲೋ?"

"ಕೇಸು ಮುಗಿಯೋತನಕ ಬರಂಗಿಲ್ಲ ಸರ್. ನೀವು ನನ್ನ ವರದಿ ಒಪ್ಪದಿದ್ರ ಫೈಲ್ ಸಂಗಾಟ ಇವೂ ಮೇಲಿನ ಸಾಹೇಬ್ರ ಕಡೆ ಹೋಗಬೇಕಾಗ್ತದ."

ಬೆದರಿಕೆ ಹಾಕಿದ್ದಲ್ಲ, ನನ್ನಾಣೆ. ನಿಯಮ ಹೇಳಿದೆ, ಅಷ್ಟೇ. ಆದರೆ ಮೇಲಿನ ಸಾಹೇಬರ ಹೆಸರು ಬಂದದ್ದೇ ನಮ್ಮ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. ಇಷ್ಟು ವರ್ಷ ನಾನು ಯಾರಿಗೆ ಹೆದರುತ್ತಿದ್ದೆನೋ ಅವರಿಗೂ ನನ್ನದೇ ರೋಗ! ಕೆಲವು ದಿನ ಆ ಚಿಪ್ಪು ಅವರ ಮೇಜಿನ ಮೇಲೆ ಕಪ್ಪಗಾಗುತ್ತ, ಇರುವೆಗಳನ್ನು ಕರೆಯುತ್ತ ಕೂತಿತ್ತು. ಕೊನೆಗೆ, ಮೇಲಿನ ಸಾಹೇಬರು ಬರುವ ಹಿಂದಿನ ದಿನ, ರೇಣುಕಾಳ ಮೇಲಿನ ಆರೋಪ ಕೈಬಿಟ್ಟರು.

ಕಚೇರಿಯಲ್ಲಿ ನನ್ನ ಬೆನ್ನು ತಟ್ಟದವರಿಲ್ಲ. ಕುಲಕರ್ಣಿ ಹುಲಿ ಎಂದರು. ನಾನೂ ನಾಲ್ಕು ದಿನ ನಂಬಿದೆ. ಅಷ್ಟರಲ್ಲಿ ಆದೇಶದ ಪ್ರತಿ ತೆಗೆದುಕೊಳ್ಳಲು ರೇಣುಕಾ ಕಲಬುರಗಿಗೆ ಬಂದಳು. ಹುಲಿಯ ಗತ್ತಿನಲ್ಲೇ ಕೇಳಿದೆ: "ಆವತ್ತು ನಿನಗ ಅಂಜಿಕಿ ಆಗಲಿಲ್ಲೇನವಾ?"

"ಭಾಳ ಅಂಜಿದ್ದೆ ರೀ ಸರ. ಹಿಂದಿನ ದಿನ ರೊಟ್ಟಿ ಗಂಟಲದಾಗ ಇಳೀಲಿಲ್ಲ. ಒಳಗ ಬಂದು ನಿಮ್ಮನ್ನ ನೋಡಿದೆ ನೋಡ್ರಿ, ಅಂಜಿಕಿ ಹೋತು. ನಿಮ್ಮ ಕೈ ಥರಾಥರಾ ನಡಗಾಕತ್ತಿದ್ವು. ಇಷ್ಟು ಅಂಜೋ ಮನಷ್ಯಾ ನಾ ಹೇಳಿದ್ದರಾಗ ಒಂದ ಮಾತೂ ಬಿಡಂಗಿಲ್ಲ, ಎಲ್ಲಾ ಬರಕೋತಾನ ಅಂತ ಧೈರ್ಯ ಬಂತ್ರಿ."

ಸಂಜೆ ಮನೆಗೆ ಬಂದು ವಿಮಲಾಗೆ ಎಲ್ಲವನ್ನೂ ಹೇಳಿದೆ, ಈ ಕೊನೆಯ ಮಾತೊಂದನ್ನು ಬಿಟ್ಟು. ಅವಳು ಜೀವನದಲ್ಲಿ ಮೊದಲ ಸಲ ನನ್ನನ್ನು ಹೆಮ್ಮೆಯಿಂದ ನೋಡಿದಳು. ನಿಮಗೆ ಹೇಳಿಬಿಟ್ಟಿದ್ದೇನೆ, ದಯವಿಟ್ಟು ಅವಳ ಕಿವಿಗೆ ಹಾಕಬೇಡಿ. ನನಗೆ ಹೆದರಿಕೆಯಾಗುತ್ತದೆ.