ಸಾಯಬಣ್ಣನ ಕಳ್ಳಹೆಜ್ಜೆ

ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿ ಸಾಯಬಣ್ಣ ಅವತ್ತು ಕಂಪ್ಯೂಟರಿನ ಮುಂದೆ ಕೂತು ತೊಡೆ ತಟ್ಟಿದ. "ಈಗಿನ ಗೇಮ್ ಅಂದ್ರ ಬರೇ ಢಂ ಢಂ! ಹಳೇ ಗೇಮಿನ್ಯಾಗ ವಿದ್ಯಾ ಅದ. ಸಪ್ಪಳಿಲ್ದಂಗ ನಡೀಬೇಕು, ನೆರಳಿನ್ಯಾಗ ಅಡಗಬೇಕು. ಇವತ್ತಿಗೂ ಇದರ ಮುಂದ ಯಾವುದೂ ಇಲ್ಲ!"

ಹೆಂಡತಿ ಜಯಮಾಲಾ ಇಣುಕಿ ನೋಡಿದಳು. ಪರದೆಯ ಮೇಲೆ ಕಳ್ಳನೊಬ್ಬ ಕಲ್ಲೆಸೆದ. ಕಾವಲುಗಾರ ತಿರುಗಿ ನೋಡಿ, 'ಗಾಳಿ ಇರಬೇಕು' ಎಂದು ಗೊಣಗಿ, ಮತ್ತೆ ಗೋಡೆ ನೋಡುತ್ತ ನಿಂತ.

"ಇಂಥಾ ಪೆದ್ದ ಕಾವಲುಗಾರ ಎಲ್ಲಿರ್ತಾನ್ರೀ? ನಾಳಿ ಗುಜರಿಯವ ಬರ್ತಾನ, ಈ ಡಬ್ಬಿ ಕೊಟ್ಟುಬಿಡ್ತೀನಿ."

ಸಾಯಬಣ್ಣ ಎದ್ದು ಕಂಪ್ಯೂಟರಿಗೆ ಅಡ್ಡ ನಿಂತ. ಆ ಗೇಮು ಓಡುತ್ತಿದ್ದುದು ಆ ಮುದಿ ಕಂಪ್ಯೂಟರಿನಲ್ಲಿ ಮಾತ್ರ!

"ಪಂದ್ಯ ಕಟ್ತೀನಿ! ಮಾಳಿಗಿ ಮ್ಯಾಲ ಅವ್ವ ಸಂಡಗಿ ಕಾಯಲಿಕತ್ತಾಳ. ಅಕಿಗಿ ಗೊತ್ತಾಗದಂಗ ಒಂದು ಮುಷ್ಟಿ ತಂದ್ರ ಕಂಪ್ಯೂಟರ್ ಉಳೀಬೇಕು."

"ತರ್ರಿ ನೋಡೋಣು!"

ಬೇಸಿಗೆಯ ನಡುಮಧ್ಯಾಹ್ನ. ಸದ್ದಾದೀತೆಂದು ನಮ್ಮ ವೀರ ತನ್ನ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟ. ತಾಯಿ ಭೀಮಬಾಯಿ ಬೆನ್ನು ತಿರುಗಿಸಿ ಕೊಡೆಯ ಕೆಳಗೆ ಕೂತಿದ್ದಳು. ಪಕ್ಕದಲ್ಲಿ ಕೋಲು, ನಿನ್ನೆಯ ಒಣ ಸಂಡಿಗೆಯ ಮೊರ. ಇವತ್ತಿನ ಹಸಿ ಸಂಡಿಗೆ ನೆಲಕ್ಕೆ ಹಾಸಿದ ಹಳೇ ಸೀರೆಯ ಮೇಲೆ ಹರಡಿತ್ತು. ಸಾಯಬಣ್ಣ ಆಚೆ ಮೂಲೆಗೆ ಹರಳೊಂದನ್ನು ಎಸೆದ. ಆಕೆ ಕದಲಲಿಲ್ಲ. ಇದೇ ಸಮಯವೆಂದು ಮಾಳಿಗೆಯ ಫರಸಿಯ ಮೇಲೆ ಬರಿಗಾಲಿಟ್ಟ.

ಅಯ್ಯಯ್ಯೋ! ಊರಿಗೆಲ್ಲ ಫರಸಿ ಮಾರುವವನಿಗೆ, ಕಾದ ಫರಸಿ ರೊಟ್ಟಿಯ ಹಂಚಾಗುತ್ತದೆ ಎಂಬುದೇ ಮರೆತುಹೋಗಿತ್ತು! ನೆರಳು ಹುಡುಕಿದ. ನೆತ್ತಿಯ ಮೇಲಿನ ಸೂರ್ಯ ಅವನ ಸ್ವಂತ ನೆರಳನ್ನೂ ಉಳಿಸಿರಲಿಲ್ಲ. ತಂಪಾಗಿದ್ದದ್ದು ಆ ಸೀರೆಯೊಂದೇ. ಅದರ ಮೇಲೆ ಹಾರಿದ, ಹಸಿ ಹಿಟ್ಟಿಗೆ ಜಾರಿದ, ನೇರ ತಾಯಿಯ ಮಗ್ಗುಲಿಗೆ ಬಂದು ಬಿದ್ದ!

"ಬಾಪ್ಪಾ ಬಾ," ಎಂದಳು ಭೀಮಬಾಯಿ. "ಹರಳು ಒಗದಾಗೇ ನೀನಂತ ಗೊತ್ತಾತು. ಕಾಗಿ ಕಲ್ಲು ಒಗೀತದೇನು?"

ಪಂದ್ಯದ ಕತೆ ಕೇಳಿ ಆಕೆ ನಕ್ಕಳು. ಮಗನ ಮೋರೆ ನೋಡಿ ಕರುಳು ಚುರ್ ಎಂದಿರಬೇಕು. "ಹೋಗ್ಲಿ, ಇನ್ನೊಂದು ಸರ್ತಿ ನೋಡೋಣು. ಸಂಜಿತನಕ ಈ ಮೊರ ನೀ ಕಾಯಿ. ಯಾರರೇ ಒಂದು ಸಂಡಗಿ ಒಯ್ದರೂ ಡಬ್ಬಿ ಗುಜರಿಗಿ!"

ಭೀಮಬಾಯಿ ಕೆಳಗಿಳಿದಳು; ಕೊಡೆ, ಕೋಲು ಸಾಯಬಣ್ಣನ ಪಾಲಿಗೆ ಬಂದವು. ಬೊಬ್ಬೆಯೆದ್ದ ಪಾದಗಳನ್ನು ನೀರಿನ ಬಕೆಟಿನಲ್ಲಿಟ್ಟು, ಮೊರವನ್ನು ಬೆನ್ನ ಹಿಂದೆ ಸರಿಸಿ, ಫೋನಿನಲ್ಲಿ ಅದೇ ಗೇಮಿನ ವಿಡಿಯೋ ನೋಡತೊಡಗಿದ. ಹಿಂದೆ ಟಪಟಪ ಸದ್ದಾಯಿತು. ಕತ್ತು ತಿರುಗಿಸಲು ಯಾರಿಗೆ ಪುರಸೊತ್ತು?

"ಗಾಳಿ ಇರಬೇಕು," ಎಂದ.

"ಹೌದ್ರೀ, ಗಾಳಿನೇ!"

ತಿರುಗಿದರೆ ಜಯಮಾಲಾ! ಕಾಲಲ್ಲಿ ಚಪ್ಪಲಿ, ಮುಷ್ಟಿ ತುಂಬ ಸಂಡಿಗೆ.

"ನೀವು ಹೇಳಿದ್ದು ಖರೇ ಅದ ನೋಡ್ರಿ. ಹಳೇ ಗೇಮ್ ಇವತ್ತಿಗೂ ಭಾಳ ಚಲೋ ನಡೀತದ! ಕಾವಲಿಗಿ ನಿಮ್ಮಂಥವರು ಕುಂತಿರಬೇಕಷ್ಟೇ. ಗುಜರಿಯವಗ ಫೋನ್ ಹಚ್ಲೇನು?"